ಚರ್ಮವೂ ಕೀಲೂ: ಬೇವೂರು ಸೀಮೆಯಿಂದ ಒಂದು ರೋಗಚರಿತ್ರೆ

ಬೇವೂರಿನ ಸುತ್ತಲಿನ ಬಾಗಲಕೋಟೆ, ಹುನಗುಂದ, ಬಾದಾಮಿ ಸೀಮೆಯು ಇಳಕಲ್ಲಿನ ಸೀರೆ ಹಾಗೂ ಗುಳೇದಗುಡ್ಡದ ಖಣಕ್ಕೆ ಹೆಸರಾದ ನೇಕಾರರ ನಾಡಾದ್ದರಿಂದ, ಬೆರಳು ಬಾತು ಕೀಲು ಬಿಗಿದರೆ ಅದನ್ನು ಮಗ್ಗದ ದುಡಿಮೆಗೋ ವಾಯುವಿಗೋ ಹೊರಿಸುವುದು ಸಹಜವೇ. ಅದೇ ಮೈಮೇಲೆ ಹೊಟ್ಟೇಳುವ ಕೆಂಪು ಕಲೆಗೆ ಬೇರೆ ಹೆಸರು, ಬೇರೆ ಮದ್ದು. ಎರಡನ್ನೂ ಒಂದೇ ರೋಗವೆಂದು ಒಪ್ಪಲು ವೈದ್ಯಶಾಸ್ತ್ರಕ್ಕೇ ಬಹುಕಾಲ ಹಿಡಿದಿರುವಾಗ ರೋಗಿಯನ್ನು ದೂರುವಂತಿಲ್ಲ.

ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಚರ್ಮದ ಕೋಶಗಳು ಅತಿವೇಗವಾಗಿ ಬೆಳೆದು ಹೊಟ್ಟಾಗಿ ಉದುರುವ, ಒಬ್ಬರಿಂದೊಬ್ಬರಿಗೆ ಅಂಟದ ಕಾಯಿಲೆಯೇ ಸೋರಿಯಾಸಿಸ್. ಅದರೊಂದಿಗೆ ಕೀಲುಗಳಲ್ಲೂ, ಸ್ನಾಯುರಜ್ಜುಗಳು ಎಲುಬಿಗೆ ಕೂಡುವ ಜಾಗಗಳಲ್ಲೂ ಉರಿಯೂತ ಉಂಟಾದರೆ ಅದು ಸೋರಿಯಾಟಿಕ್ ಸಂಧಿವಾತ. ಇಡೀ ಬೆರಳು ಊದಿಕೊಳ್ಳುವುದು, ಉಗುರಿನ ಮೇಲೆ ಸೂಜಿಮೊನೆಯಷ್ಟು ಸಣ್ಣ ಕುಳಿಗಳು ಬೀಳುವುದು ಇದರ ಗುರುತುಗಳು.

ಆಯುರ್ವೇದವು ಚರ್ಮರೋಗಗಳನ್ನು ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠಗಳೆಂದು ವಿಂಗಡಿಸಿತು. ಅವುಗಳಲ್ಲಿ ಮೀನಿನ ಹುರುಪೆಯಂಥ ಚರ್ಮವುಳ್ಳ ಏಕಕುಷ್ಠವನ್ನು ಇಂದಿನ ವೈದ್ಯರು ಹಲವೊಮ್ಮೆ ಸೋರಿಯಾಸಿಸ್‌ಗೆ ಹೋಲಿಸುತ್ತಾರೆ. ಚರಕಸಂಹಿತೆಯ ವಾತರಕ್ತವೆಂಬ ರೋಗವಂತೂ ಚರ್ಮ-ಮಾಂಸಗಳಲ್ಲಿ ನಿಲ್ಲುವ ಉತ್ತಾನ, ಆಳಕ್ಕಿಳಿಯುವ ಗಂಭೀರ ಎಂಬ ಎರಡು ಬಗೆಯದಾಗಿ ಕೈಕಾಲುಗಳ ಸಂದುಗಳನ್ನು ಹಿಡಿಯುತ್ತದೆ. ಇದನ್ನೇ ಸೋರಿಯಾಟಿಕ್ ಸಂಧಿವಾತವೆನ್ನುವುದು ಆತುರದ ಮಾತಾದೀತು, ಆದರೆ ಚರ್ಮವನ್ನೂ ಸಂದನ್ನೂ ಜೊತೆಯಲ್ಲಿಟ್ಟು ನೋಡುವ ದೃಷ್ಟಿ ಅಲ್ಲಿತ್ತು.

ಯುರೋಪಿನಲ್ಲಿ ಸೋರಿಯಾಸಿಸ್ ಕುಷ್ಠರೋಗದ (ಲೆಪ್ರಸಿ) ಹೆಸರಿನಿಂದ ಸಂಪೂರ್ಣ ಬಿಡುಗಡೆ ಪಡೆದದ್ದೇ 1841ರಲ್ಲಿ, ವಿಯೆನ್ನಾದ ವೈದ್ಯ ಹೆಬ್ರಾನಿಂದ. ಅದಕ್ಕೂ ಮುಂಚೆ, 1818ರಲ್ಲಿ, ಫ್ರಾನ್ಸಿನ ವೈದ್ಯ ಅಲಿಬೇರ್ ಈ ಚರ್ಮರೋಗಕ್ಕೂ ಕೀಲುನೋವಿಗೂ ಇರುವ ನಂಟನ್ನು ಗುರುತಿಸಿದ್ದನು; ಆದರೂ ಶತಮಾನಕ್ಕೂ ಹೆಚ್ಚು ಕಾಲ ಇಂಥ ರೋಗಿಗಳನ್ನು ರುಮಟಾಯ್ಡ್ ಸಂಧಿವಾತದವರ ಸಾಲಿಗೇ ಸೇರಿಸಲಾಯಿತು. ರುಮಟಾಯ್ಡ್ ಅಂಶವೆಂಬ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ ಬಂದ ಮೇಲೆ, ಅದು ಬಹುಪಾಲು ಕಾಣಿಸದ ಈ ರೋಗವನ್ನು ಬೇರ್ಪಡಿಸುವುದು ಸುಲಭವಾಗಿ, 1973ರಲ್ಲಿ ಮೋಲ್ ಮತ್ತು ರೈಟ್ ಅದರ ಐದು ರೂಪಗಳನ್ನು ವಿವರಿಸಿದರು.

ಔಷಧದ ಕಥೆಗೆ ದಕ್ಷಿಣ ಭಾರತದ ಎಳೆಯೊಂದಿದೆ. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಅಮೆರಿಕದ ತಂಡ ರೂಪಿಸಿದ ಅಮಿನಾಪ್ಟೆರಿನ್, ಸೋರಿಯಾಸಿಸ್ ಹಾಗೂ ಕೀಲುರೋಗಗಳೆರಡರಲ್ಲೂ ಗುಣಕಾರಿಯೆಂದು 1951ರಲ್ಲಿ ವರದಿಯಾಯಿತು. ಅದರ ಸ್ಥಾನಕ್ಕೆ ಬಂದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಬೇವೂರಿನವರಿಗೆ ದೊಡ್ಡಾಸ್ಪತ್ರೆಯೆಂದರೆ ಮೊದಲು 1957ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಹುಬ್ಬಳ್ಳಿ, ಅನಂತರ ವಿಜಯಪುರ; ಬಾಗಲಕೋಟೆಯಲ್ಲೇ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ತೆರೆದದ್ದು 2002ರಲ್ಲಿ. ಉರಿಯೂತದ ಪ್ರೋಟೀನನ್ನು ತಡೆಯುವ ಎಟನರ್ಸೆಪ್ಟ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಈ ಸಂಧಿವಾತಕ್ಕಾಗಿ ಅನುಮತಿ ದೊರೆತದ್ದೂ ಅದೇ ವರ್ಷ. ಅಂಥ ಮದ್ದುಗಳ ಬೆಲೆ ದುಬಾರಿಯಾದ್ದರಿಂದ ಅನೇಕರ ಪಾಲಿಗೆ ಉಳಿದಿರುವುದು ಮೆಥೊಟ್ರೆಕ್ಸೇಟ್. ಅದನ್ನು ನುಂಗಬೇಕಾದದ್ದು ವಾರಕ್ಕೊಮ್ಮೆ ಮಾತ್ರ, ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ, ಜೊತೆಗೆ ರಕ್ತ ಹಾಗೂ ಯಕೃತ್ತಿನ ತಪಾಸಣೆ ಆಗಾಗ ಆಗುತ್ತಿರಬೇಕು.