‘ಓಝೆವ್’ ನೌಕೆಯ ವೃತ್ತಾಂತ

ಎರಡನೆಯ ಮಹಾಯುದ್ಧದ ಚರಿತ್ರೆಯಲ್ಲಿ ಪ್ರಬಲ ರಾಷ್ಟ್ರಗಳ ನೌಕಾಬಲವನ್ನು ಕುರಿತು ಬಹಳವಾಗಿ ಬರೆಯಲ್ಪಟ್ಟಿದೆ. ಅವುಗಳ ನಡುವೆ ಪೋಲೆಂಡಿನ ಒಂದೇ ಒಂದು ಜಲಾಂತರ್ಗಾಮಿ ನೌಕೆಯ ಕಥೆಯು ಅಲ್ಪವಾಗಿ ಕಂಡರೂ ಅಲ್ಪವಾದುದಲ್ಲ. ಅದರ ಹೆಸರು ‘ಓಝೆವ್’. ಪೋಲಿಷ್ ಭಾಷೆಯಲ್ಲಿ ಹದ್ದು ಎಂದರ್ಥ. ಬಿಳಿಯ ಹದ್ದು ಆ ದೇಶದ ರಾಜಲಾಂಛನ. ನೌಕೆಯ ವೆಚ್ಚದ ಒಂದು ಭಾಗವು ಪ್ರಜೆಗಳ ವಂತಿಗೆಯಿಂದಲೇ ಕೂಡಿತ್ತು. ಹಾಲೆಂಡಿನ ವ್ಲಿಸ್ಸಿಂಗೆನ್ ಪಟ್ಟಣದಲ್ಲಿ ನಿರ್ಮಿತವಾಗಿ, 1939ರ ಫೆಬ್ರವರಿಯಲ್ಲಿ ಸೇವೆಗೆ ಸೇರಿದ ಈ ನೌಕೆಯು 84 ಮೀಟರ್ ಉದ್ದವುಳ್ಳದ್ದಾಗಿ, 12 ಟಾರ್ಪೀಡೋ ನಳಿಗೆಗಳನ್ನೂ ಸುಮಾರು 60 ಮಂದಿ ನಾವಿಕರನ್ನೂ ಹೊಂದಿದ್ದಿತು.

ಸೇವೆಗೆ ಸೇರಿ ಏಳು ತಿಂಗಳು ತುಂಬುವ ಮೊದಲೇ, 1939ನೆಯ ಸೆಪ್ಟೆಂಬರ್ 1ರಂದು, ಜರ್ಮನಿಯು ಪೋಲೆಂಡಿನ ಮೇಲೆ ದಂಡೆತ್ತಿ ಬಂದಿತು. ಬಾಲ್ಟಿಕ್ ಸಮುದ್ರದಲ್ಲಿದ್ದ ಓಝೆವ್‌ನ ನಾಯಕ ಹೆನ್ರಿಕ್ ಕ್ವೊಚ್‌ಕೋವ್‌ಸ್ಕಿಯು ಅಸ್ವಸ್ಥನಾದನು, ಯಂತ್ರವೂ ಕೆಟ್ಟಿತು. ಸೆಪ್ಟೆಂಬರ್ 14ರಂದು ನೌಕೆಯು ತಟಸ್ಥ ರಾಜ್ಯವಾದ ಎಸ್ಟೋನಿಯದ ಟಾಲಿನ್ ಬಂದರನ್ನು ಹೊಕ್ಕಿತು. ನಾಯಕನನ್ನು ಆಸ್ಪತ್ರೆಗೆ ಸೇರಿಸಲಾಯಿತು. ಯುದ್ಧನಿರತ ರಾಷ್ಟ್ರದ ನೌಕೆಯು ತಟಸ್ಥ ಬಂದರಿನಲ್ಲಿ ಸಾಮಾನ್ಯವಾಗಿ 24 ಗಂಟೆಗಳಿಗಿಂತ ಹೆಚ್ಚು ನಿಲ್ಲಕೂಡದು. ಶತ್ರುಪಕ್ಷದ ವ್ಯಾಪಾರನೌಕೆಯೊಂದು ಅದೇ ಬಂದರಿನಿಂದ ಹೊರಟರೆ ಅದರ ಹಿಂದೆ 24 ಗಂಟೆ ಕಳೆಯುವವರೆಗೆ ತಾನು ಹೊರಡಲೂ ಕೂಡದು. ಇದು 1907ರ ಹೇಗ್ ಒಪ್ಪಂದದ ವಿಧಿ. ಆಗ ಬಂದರಿನಲ್ಲಿದ್ದ ಜರ್ಮನ್ ಹಡಗೊಂದು ಈ ವಿಧಿಗೆ ಅವಕಾಶ ಮಾಡಿಕೊಟ್ಟಿತು. ಜರ್ಮನಿಯ ಒತ್ತಾಯವೂ ಸೇರಿ, ಎಸ್ಟೋನಿಯದ ಅಧಿಕಾರಿಗಳು 15ರಂದು ಓಝೆವ್‌ನ್ನು ಬಂಧನದಲ್ಲಿರಿಸಿದರು.

ಸಮುದ್ರದ ನಕ್ಷೆಗಳನ್ನೂ ಫಿರಂಗಿಯ ಮುಖ್ಯಭಾಗವನ್ನೂ ಅಧಿಕಾರಿಗಳು ಕಿತ್ತುಕೊಂಡರು. ಟಾರ್ಪೀಡೋಗಳಲ್ಲಿ ಬಹುಪಾಲನ್ನು ಮೇಲಕ್ಕೆತ್ತಿ ಒಯ್ಯುತ್ತಿರುವಾಗ, ಎತ್ತುವ ತಂತಿಹಗ್ಗವು ಕಡಿದುಹೋಯಿತು. ಪೋಲರು ಅದನ್ನು ಗುಟ್ಟಾಗಿ ಅರಗರಗಿಸಿ ಇಟ್ಟಿದ್ದರು. ಹೀಗೆ ಕೆಲವು ಟಾರ್ಪೀಡೋಗಳು ನೌಕೆಯಲ್ಲಿಯೇ ಉಳಿದುವು. ಸೆಪ್ಟೆಂಬರ್ 17ರಂದು ಸೋವಿಯತ್ ಸೈನ್ಯವೂ ಪೂರ್ವದಿಂದ ಪೋಲೆಂಡನ್ನು ಹೊಕ್ಕಿತು. ಆ ರಾತ್ರಿಯೇ, ನಾಯಕತ್ವವನ್ನು ವಹಿಸಿದ್ದ ಯಾನ್ ಗ್ರುಜಿನ್‌ಸ್ಕಿಯು ಇಬ್ಬರು ಕಾವಲುಗಾರರನ್ನು ಸೆರೆಹಿಡಿದು, ಕಟ್ಟಿದ ಹಗ್ಗಗಳನ್ನು ಕಡಿಸಿ, ಕತ್ತಲೆಯಲ್ಲಿ ನೌಕೆಯನ್ನು ಹೊರಡಿಸಿದನು. ಬಂದರಿನ ಬಾಯಲ್ಲಿ ಅದು ಕ್ಷಣಕಾಲ ತಳಕ್ಕೆ ತಗಲಿ ನಿಂತಿತು. ದಡದಿಂದ ಗುಂಡುಗಳು ಹಾರಿದುವು. ಹೇಗೋ ಬಿಡಿಸಿಕೊಂಡು ಆಳಕ್ಕೆ ಮುಳುಗಿತು.

ಆ ಇಬ್ಬರು ಕಾವಲುಗಾರರು ಕೊಲ್ಲಲ್ಪಟ್ಟರೆಂದು ಜರ್ಮನರು ಪ್ರಚಾರ ಮಾಡಿದರು. ಆದರೆ ಗ್ರುಜಿನ್‌ಸ್ಕಿಯು ಅವರಿಗೆ ದೋಣಿಯನ್ನೂ ಹಣವನ್ನೂ ಕೊಟ್ಟು ಸ್ವೀಡನ್ನಿನ ಗೊಟ್‌ಲೆಂಡ್ ದ್ವೀಪದ ಬಳಿ ಇಳಿಸಿ ಕಳುಹಿದ್ದನು. ಬಳಿಕ, ಕೈಗೆ ಉಳಿದಿದ್ದ ದೀಪಸ್ತಂಭಗಳ ಪಟ್ಟಿಯೊಂದನ್ನೇ ಆಧರಿಸಿ ನಕ್ಷೆಯನ್ನು ಬರೆದುಕೊಂಡು, ಡೆನ್ಮಾರ್ಕ್ ಸ್ವೀಡನ್ನುಗಳ ನಡುವಿನ ಇಕ್ಕಟ್ಟಾದ ಜಲಸಂಧಿಯನ್ನು ದಾಟಿ, ಅಕ್ಟೋಬರ್ 14ರಂದು ನೌಕೆಯು ಸ್ಕಾಟ್ಲೆಂಡಿನ ತೀರವನ್ನು ಸೇರಿತು.

ಈ ಪಲಾಯನದ ಫಲವನ್ನು ಎಸ್ಟೋನಿಯವು ಅನುಭವಿಸಬೇಕಾಯಿತು. ತನ್ನ ಬಂದರನ್ನು ಕಾಯಲಾರದ ರಾಜ್ಯವೆಂದು ಸೋವಿಯತ್ ಸರಕಾರವು ಅದನ್ನು ದೂಷಿಸಿ, ಸೆಪ್ಟೆಂಬರ್ 28ರಂದು ಸೈನಿಕ ನೆಲೆಗಳನ್ನು ಕೊಡುವ ಒಪ್ಪಂದಕ್ಕೆ ರುಜು ಹಾಕಿಸಿಕೊಂಡಿತು. 1940ರ ಜೂನ್‌ನಲ್ಲಿ ದೇಶವೇ ಆಕ್ರಮಿಸಲ್ಪಟ್ಟಿತು. ಹಾಗೆಂದು ದೋಷವನ್ನು ಓಝೆವ್‌ನ ಮೇಲೆ ಹೊರಿಸುವುದು ನ್ಯಾಯವಲ್ಲ. ಆಗಸ್ಟ್ 23ರ ಗುಪ್ತ ಒಪ್ಪಂದದಲ್ಲಿಯೇ ಜರ್ಮನಿಯೂ ಸೋವಿಯತ್ ಒಕ್ಕೂಟವೂ ಎಸ್ಟೋನಿಯದ ಭವಿಷ್ಯವನ್ನು ಹಂಚಿಕೊಂಡಿದ್ದುವು. ತೋಳಕ್ಕೆ ಕುರಿಮರಿಯನ್ನು ತಿನ್ನಲು ನೆಪವೊಂದು ಬೇಕಾಗಿತ್ತು; ನೆಪವು ದೊರೆಯಿತು.

ಇಂಗ್ಲೆಂಡಿನ ನೌಕಾಪಡೆಯೊಡನೆ ಸೇರಿ ಕಾವಲು ತಿರುಗುತ್ತಿದ್ದ ಓಝೆವ್, 1940ರ ಏಪ್ರಿಲ್ 8ರಂದು ನಾರ್ವೆಯ ದಕ್ಷಿಣತೀರದ ಬಳಿ ‘ರಿಯೋ ಡಿ ಜನೈರೊ’ ಎಂಬ ಜರ್ಮನ್ ಹಡಗನ್ನು ತಡೆಯಿತು. ನಿಲ್ಲೆಂಬ ಸಂಕೇತವನ್ನು ಅದು ಪಾಲಿಸದಿರಲು ಟಾರ್ಪೀಡೋ ಹೊಡೆದು ಮುಳುಗಿಸಿತು. ನಾರ್ವೆಯ ಬೆಸ್ತರು ನೀರಿನಿಂದೆತ್ತಿದ ಜನರು ಸಮವಸ್ತ್ರ ಧರಿಸಿದ ಯೋಧರಾಗಿದ್ದರು; ತಾವು ಬರ್ಗೆನ್‌ಗೆ ಹೋಗುತ್ತಿದ್ದೇವೆಂದು ಅವರೇ ಹೇಳಿದರು. ಸುದ್ದಿಯು ರಾಜಧಾನಿಯನ್ನು ಮುಟ್ಟಿದರೂ ಅದಕ್ಕೆ ತಕ್ಕ ಎಚ್ಚರಿಕೆಯು ಹುಟ್ಟಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಜರ್ಮನ್ ಸೈನ್ಯವು ನಾರ್ವೆಯ ಬಂದರುಗಳಲ್ಲಿತ್ತು.

ಮೇ 23ರಂದು ಓಝೆವ್ ಸ್ಕಾಟ್ಲೆಂಡಿನ ರೊಸೈತ್ ನೆಲೆಯಿಂದ ಮತ್ತೆ ಹೊರಟಿತು. ಜೂನ್‌ನ ಆದಿಯಲ್ಲಿ ಕಳುಹಿಸಿದ ಆಜ್ಞೆಗಳಿಗೆ ಉತ್ತರ ಬರಲಿಲ್ಲ. ಸಮುದ್ರದಲ್ಲಿ ಹುದುಗಿಸಿದ್ದ ಸಿಡಿಗುಂಡು ತಗಲಿತೆಂದು ಹಲವರು ಊಹಿಸಿದ್ದಾರೆ. ಯುದ್ಧಾನಂತರ ಬಹುಕಾಲ ಹುಡುಕಿದರೂ ನೌಕೆಯ ಅವಶೇಷವು ಸಿಕ್ಕಲಿಲ್ಲ.

ದೇಶವು ಕೈತಪ್ಪಿ ಹೋದ ಮೇಲೆಯೂ ಆ ನಾವಿಕರಿಗೆ ಕರ್ತವ್ಯವು ಕೈತಪ್ಪಲಿಲ್ಲ. ಸುರಕ್ಷಿತವಾದ ಬಂಧನದಲ್ಲಿ ಕುಳಿತು ಯುದ್ಧ ಮುಗಿಯುವುದನ್ನು ನೋಡಬಹುದಾಗಿದ್ದ ಅವರು ನಕ್ಷೆಯಿಲ್ಲದ ಕಡಲನ್ನು ಆರಿಸಿಕೊಂಡರು. ಅವರು ಕೊಟ್ಟ ಎಚ್ಚರಿಕೆಯನ್ನು ಕೇಳಬೇಕಾದವರು ಕೇಳಲಿಲ್ಲ. ಅವರ ಸಾಹಸವನ್ನು ನೆಪಮಾಡಿಕೊಳ್ಳಬಾರದವರು ನೆಪಮಾಡಿಕೊಂಡರು. ವೀರರ ಕಾರ್ಯವು ಅವರ ಕೈಯಲ್ಲಿರುತ್ತದೆ. ಅದರ ಫಲವು ಮಾತ್ರ ಅವರ ಕೈಯಲ್ಲಿರುವುದಿಲ್ಲ.