ಅರಬ್ಬಿ ವಿಕಿಪೀಡಿಯಕ್ಕೆ ಬರೆಯುವವರು ಎಲ್ಲಿಂದ ಬಂದರು?

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಅರಬ್ಬಿ ವಿಕಿಪೀಡಿಯ ಶುರುವಾದದ್ದು ಅದೇ ವರ್ಷದ ಜುಲೈಯಲ್ಲಿ. ವಯಸ್ಸಿನಲ್ಲಿ ನಮ್ಮದೇ ಒಂದು ತಿಂಗಳು ದೊಡ್ಡದು! ಈಗ ನೋಡಿದರೆ ಅಲ್ಲಿ ಹನ್ನೆರಡು ಲಕ್ಷಕ್ಕೂ ಮಿಕ್ಕಿ ಲೇಖನಗಳಿವೆ, ನಮ್ಮಲ್ಲಿ ಮೂವತ್ತು ಸಾವಿರ ಚಿಲ್ಲರೆ. ಈ ಲೆಕ್ಕ ಹೇಳಿದ ಕೂಡಲೇ "ಅವರದು ಇಪ್ಪತ್ತಕ್ಕೂ ಹೆಚ್ಚು ದೇಶಗಳ ಭಾಷೆ ಮಾರಾಯ್ರೆ, ಕೋಟಿಗಟ್ಟಲೆ ಜನ" ಎಂಬ ಉತ್ತರ ಬರುತ್ತದೆ. ಉತ್ತರ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಅಷ್ಟೊಂದು ಜನ ಇದ್ದೂ ಅರಬ್ಬಿ ವಿಕಿಪೀಡಿಯ ಒಂದು ಲಕ್ಷ ಲೇಖನ ಮುಟ್ಟಿದ್ದು 2009ರ ಮೇ ತಿಂಗಳಲ್ಲಿ, ಹುಟ್ಟಿ ಸುಮಾರು ಆರು ವರ್ಷ ಆದ ಮೇಲೆ. ಭಾಷೆ ಆಡುವವರೆಲ್ಲ ಬರೆಯುವವರಲ್ಲ. ಬರೆಯುವವರನ್ನು ಯಾರಾದರೂ ತಯಾರು ಮಾಡಬೇಕು. ಅರಬ್ಬಿಯಲ್ಲಿ ಅದನ್ನು ಯಾರು ಮಾಡಿದರು, ಹೇಗೆ ಮಾಡಿದರು ಎನ್ನುವ ಚರಿತ್ರೆ ನಾವು ಓದಿಕೊಳ್ಳಬೇಕಾದದ್ದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಕಥೆ ಕಂಪ್ಯೂಟರಿಗಿಂತ ಬಹಳ ಹಿಂದಿನಿಂದ ಶುರು ಮಾಡಬೇಕು.

1826ರಲ್ಲಿ ಈಜಿಪ್ಟಿನ ದೊರೆ ಮುಹಮ್ಮದ್ ಅಲಿ ಒಂದಷ್ಟು ಹುಡುಗರನ್ನು ಓದಲೆಂದು ಪ್ಯಾರಿಸ್ಸಿಗೆ ಕಳಿಸಿದ. ಅವರ ಜೊತೆ ಪ್ರಾರ್ಥನೆ ಮಾಡಿಸಲು ಇಮಾಮನಾಗಿ ಹೋದವನು ರಿಫಾ ಅಲ್-ತಹ್ತಾವಿ. ಕೈರೋದ ಅಲ್-ಅಜ್ಹರ್‌ನಲ್ಲಿ ಓದಿದ್ದ ಯುವಕ. ಓದಲು ಹೋದವನಲ್ಲ, ಆದರೂ ಫ್ರೆಂಚ್ ಕಲಿತ, ಅನುವಾದಕ್ಕೆ ಕೈ ಹಾಕಿದ, ಐದು ವರ್ಷ ಅಲ್ಲಿದ್ದು 1831ರಲ್ಲಿ ಊರಿಗೆ ಮರಳಿದ. ಹೊಸ ವಿದ್ಯೆಯ ಪುಸ್ತಕಗಳು ಅರಬ್ಬಿಗೆ ಬರಬೇಕಾದರೆ ಒಬ್ಬಿಬ್ಬರು ಪಂಡಿತರು ಸಾಲದು, ಅನುವಾದಕರ ಒಂದು ತಲೆಮಾರೇ ಬೇಕು ಎನ್ನುವುದು ಅವನಿಗೆ ಮನವರಿಕೆಯಾಗಿತ್ತು. 1835ರಲ್ಲಿ ಕೈರೋದಲ್ಲಿ ಅನುವಾದಕರ ಶಾಲೆ ಶುರುವಾಯಿತು. ಮುಂದೆ ಅದಕ್ಕೆ ಬಂದ ಹೆಸರು 'ಅಲ್-ಅಲ್ಸುನ್', ಅಂದರೆ 'ನಾಲಗೆಗಳು', ಭಾಷೆಗಳು. ತಹ್ತಾವಿಯೇ ಅದರ ಮುಖ್ಯಸ್ಥ. ಅಲ್ಲಿ ಕಲಿತ ಹುಡುಗರು ಅನುವಾದಿಸಿದ ಪುಸ್ತಕಗಳು ಬುಲಾಕ್‌ನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾದವು.

ದೊರೆ ಬದಲಾದ. ಅಬ್ಬಾಸನ ಆಳ್ವಿಕೆಯಲ್ಲಿ, 1850ರ ಆಸುಪಾಸಿನಲ್ಲಿ, ಶಾಲೆಯನ್ನು ಮುಚ್ಚಿದರು. ತಹ್ತಾವಿಯನ್ನು ಪ್ರಾಥಮಿಕ ಶಾಲೆ ನಡೆಸು ಎಂದು ದೂರದ ಸುಡಾನಿನ ಖಾರ್ಟೂಮಿಗೆ ಕಳಿಸಿದರು. ಹೆಸರಿಗೆ ಕೆಲಸ, ನಿಜಕ್ಕೆ ಗಡೀಪಾರು. ಆದರೆ ಶಾಲೆ ಮುಚ್ಚಿದರೂ ಅಲ್ಲಿ ಕಲಿತವರು ಇದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಕಥೆ ಬೈರೂತಿನದು. ಬುತ್ರುಸ್ ಅಲ್-ಬುಸ್ತಾನಿ ಎಂಬ ವಿದ್ವಾಂಸ 1876ರಲ್ಲಿ ಅರಬ್ಬಿಯ ಮೊದಲ ಆಧುನಿಕ ವಿಶ್ವಕೋಶವನ್ನು ಹೊರತರಲು ತೊಡಗಿದ. ಹೆಸರು 'ದಾಯಿರತ್ ಅಲ್-ಮಆರಿಫ್', ಅರಿವಿನ ವರ್ತುಲ ಎಂದು ಅರ್ಥ. 1883ರಲ್ಲಿ ಬುಸ್ತಾನಿ ತೀರಿಕೊಂಡ. ಕೆಲಸ ಮುಂದುವರಿಸಿದ ಮಗ ಸಲೀಂ ಮರುವರ್ಷವೇ ತೀರಿಕೊಂಡ. ಆಮೇಲೆ ಉಳಿದ ಮಕ್ಕಳು, ಬಂಧು ಸುಲೇಮಾನ್ ಸೇರಿ ಎಳೆದರು. 1900ರಲ್ಲಿ ಹನ್ನೊಂದನೇ ಸಂಪುಟಕ್ಕೆ ಕೆಲಸ ನಿಂತುಹೋಯಿತು. ಅರಬ್ಬಿಯ ಇಪ್ಪತ್ತೆಂಟು ಅಕ್ಷರಗಳಲ್ಲಿ ಹದಿನೆಂಟನೆಯದು 'ಐನ್'. ಅದರ ಹತ್ತಿರ ನಿಂತದ್ದು ಮತ್ತೆ ಮುಂದೆ ಹೋಗಲಿಲ್ಲ. ಒಂದು ಮನೆತನ ಹೊತ್ತ ಭಾರ, ಆ ಮನೆತನದ ಕೈ ಸೋತಲ್ಲಿಗೆ ಮುಗಿಯಿತು.

ಒಂದು ಕಡೆ ಮುಚ್ಚಿದ ಶಾಲೆ, ಇನ್ನೊಂದು ಕಡೆ ಮುಗಿಯದ ವಿಶ್ವಕೋಶ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಈಗ ನಮ್ಮ ಕಾಲಕ್ಕೆ ಬರೋಣ.

2008ರ ಜುಲೈನಲ್ಲಿ ವಿಕಿಪೀಡಿಯನ್ನರ ವಾರ್ಷಿಕ ಸಮ್ಮೇಳನ 'ವಿಕಿಮೇನಿಯಾ' ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹೊಸ ಗ್ರಂಥಾಲಯದಲ್ಲಿ ನಡೆಯಿತು. ಸಮ್ಮೇಳನದಿಂದ ಹೆಸರಾಗುತ್ತದೆ, ಹುರುಪು ಬರುತ್ತದೆ. ಆದರೆ ಮೂರು ದಿನದ ಸಮ್ಮೇಳನದಿಂದ ಬರೆಯುವ ಕೈಗಳು ಹುಟ್ಟುವುದಿಲ್ಲ. ಇದಾದ ಎರಡು ವರ್ಷಕ್ಕೆ ಗೂಗಲ್ ಇನ್ನೊಂದು ದಾರಿ ಹಿಡಿಯಿತು. 'ಹೆಲ್ತ್ ಸ್ಪೀಕ್ಸ್' ಎಂಬ ಯೋಜನೆಯಲ್ಲಿ ಆರೋಗ್ಯದ ಲೇಖನಗಳನ್ನು ಇಂಗ್ಲಿಷಿನಿಂದ ಅರಬ್ಬಿ, ಹಿಂದಿ, ಸ್ವಾಹಿಲಿಗೆ ಅನುವಾದಿಸಿದರೆ ಪದಕ್ಕೆ ಮೂರು ಸೆಂಟಿನಂತೆ ಸೇವಾಸಂಸ್ಥೆಗಳಿಗೆ ದಾನ ಕೊಡುತ್ತೇವೆ ಎಂದಿತು. ಆಶಯ ಒಳ್ಳೆಯದೇ. ಅದೇ ಹೊತ್ತಿನಲ್ಲಿ ಗೂಗಲ್‌ನ ಅನುವಾದ ಸಲಕರಣೆಯಿಂದ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಕ್ಕೆ ಉದ್ದುದ್ದ ಲೇಖನಗಳು ಬಂದು ಬಿದ್ದದ್ದು ನಿಮಗೆ ನೆನಪಿರಬಹುದು. ಇಂಗ್ಲಿಷ್ ವಾಕ್ಯಕ್ಕೆ ಕನ್ನಡದ ಅಂಗಿ ತೊಡಿಸಿದ ಆ ಲೇಖನಗಳನ್ನು ತಿದ್ದಿ ಸರಿ ಮಾಡುವಷ್ಟು ಕೈಗಳು ನಮ್ಮಲ್ಲಿ ಇರಲಿಲ್ಲ. ಬಂಗಾಳಿಗರಂತೂ ಬೇಡವೇ ಬೇಡ ಎಂದುಬಿಟ್ಟರು. ಲೇಖನ ತಂದು ಹಾಕುವುದು ಬೇರೆ, ಲೇಖಕರನ್ನು ಬೆಳೆಸುವುದು ಬೇರೆ ಎಂಬುದು ಆಗ ಹಲವು ಭಾಷೆಗಳವರಿಗೆ ಒಟ್ಟಿಗೇ ಗೊತ್ತಾಯಿತು.

ಆಮೇಲೆ ಬಂದದ್ದು ತರಗತಿಯ ದಾರಿ. ಇದರ ಮೊದಲ ಪಾಠ ಕಲಿತದ್ದು ಅರಬ್ ದೇಶದಲ್ಲಲ್ಲ, ನಮ್ಮ ಪಕ್ಕದ ಪುಣೆಯಲ್ಲಿ! 2011ರಲ್ಲಿ ವಿಕಿಮೀಡಿಯ ಫೌಂಡೇಶನ್ ಪುಣೆಯ ಕಾಲೇಜುಗಳಲ್ಲಿ ಸಾವಿರದ ಹತ್ತಿರ ಹತ್ತಿರ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಸಲು ಹೊರಟಿತು. ಹುಡುಗರು ಮಾಡಿದ್ದು ಪರೀಕ್ಷೆಯ ಅಸೈನ್‌ಮೆಂಟಿಗೆ ಎಲ್ಲರೂ ಮಾಡುವುದನ್ನೇ. ಪುಸ್ತಕದಿಂದ, ವೆಬ್‌ಸೈಟಿನಿಂದ ಎತ್ತಿ ಹಾಕಿದರು. ಕಲಿಸಲು ಹೋದವರಲ್ಲೂ ಅನೇಕರು ಹೊಸಬರು. ಎಲ್ಲೆಲ್ಲೋ ಕೂತಿದ್ದ ಇಂಗ್ಲಿಷ್ ವಿಕಿಪೀಡಿಯದ ಸ್ವಯಂಸೇವಕರು ಕಾಪಿ ಹೊಡೆದದ್ದನ್ನು ಹುಡುಕಿ ಅಳಿಸಿ ಅಳಿಸಿ ಸುಸ್ತಾದರು. ವರ್ಷ ಮುಗಿಯುವ ಮೊದಲೇ ಯೋಜನೆ ನಿಂತಿತು.

ಅದರ ಬೆನ್ನಿಗೇ, 2012ರ ವಸಂತದ ಸೆಮಿಸ್ಟರಿನಲ್ಲಿ, ಕೈರೋದಲ್ಲಿ ಇದೇ ಪ್ರಯೋಗ ನಡೆಯಿತು. ಕೈರೋ ವಿಶ್ವವಿದ್ಯಾಲಯ ಮತ್ತು ಐನ್ ಶಮ್ಸ್ ವಿಶ್ವವಿದ್ಯಾಲಯ, ಇವೆರಡರ ಕೆಲವೇ ಕೆಲವು ತರಗತಿಗಳು. ಸಾವಿರ ಜನ ಬೇಡ, ಹತ್ತಾರು ಜನ ಸಾಕು. ಬರೆಯುವುದು ಇಂಗ್ಲಿಷಿನಲ್ಲಲ್ಲ, ಅರಬ್ಬಿಯಲ್ಲಿ. ಅರಬ್ಬಿ ವಿಕಿಪೀಡಿಯದಲ್ಲಿ ಆಗಲೇ ಪಳಗಿದವರು ತರಗತಿಗೆ ಬಂದು ಹುಡುಗ ಹುಡುಗಿಯರ ಪಕ್ಕ ಕೂತು ತೋರಿಸಿಕೊಡುವುದು. ವಿದ್ಯಾರ್ಥಿಗಳಲ್ಲಿ ಬಹುಪಾಲು ಹೆಣ್ಣುಮಕ್ಕಳು. ಎಲ್ಲೆಲ್ಲೂ ಗಂಡಸರೇ ತುಂಬಿದ್ದ ವಿಕಿಪೀಡಿಯದಲ್ಲಿ ಇದು ಅಪರೂಪ.

ಐನ್ ಶಮ್ಸ್‌ನಲ್ಲಿ ಇದು ನಡೆದ ವಿಭಾಗ ಯಾವುದು ಗೊತ್ತೇ? ಅಲ್-ಅಲ್ಸುನ್. ಹೌದು, ತಹ್ತಾವಿಯ ಅದೇ ಶಾಲೆಯ ಹೆಸರು! ಇಪ್ಪತ್ತನೇ ಶತಮಾನದ ನಡುವಿನಲ್ಲಿ ಅದೇ ಹೆಸರಿನಲ್ಲಿ ಮತ್ತೆ ಕಟ್ಟಿದ ಭಾಷಾ ಶಾಲೆ 1973ರಲ್ಲಿ ಐನ್ ಶಮ್ಸ್ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡಿತ್ತು. ಅನುವಾದ ಕಲಿಯಲೆಂದೇ ಬಂದ ಮಕ್ಕಳಿಗೆ, ತಿದ್ದಿಸಿಕೊಂಡು ಕಪಾಟಿಗೆ ಹೋಗುವ ಅಸೈನ್‌ಮೆಂಟಿನ ಬದಲು ನಾಳೆಯೇ ನೂರಾರು ಜನ ಓದುವ ಲೇಖನ ಬರೆಯಿರಿ ಎಂದರೆ ಹೇಗಿರಬೇಡ! ತಹ್ತಾವಿಯ ಹುಡುಗರ ಬರಹ ಬುಲಾಕ್‌ನ ಅಚ್ಚಿಗೆ ಹೋಗುತ್ತಿತ್ತು, ಇವರ ಬರಹ ನೇರ ಅಂತರ್ಜಾಲಕ್ಕೆ ಹೋಯಿತು.

ಈ ಹೊಸಬರಿಗೆ ಕಲಿಸಬೇಕಾದದ್ದು ಏನೇನು ಎಂದು ನೋಡಿದರೆ ಅರಬ್ಬಿಯ ಕಷ್ಟಸುಖ ಗೊತ್ತಾಗುತ್ತದೆ. ಮೊದಲನೆಯದು ಬಲದಿಂದ ಎಡಕ್ಕೆ ಹೋಗುವ ಲಿಪಿ. ಆಧಾರ ಕೊಡಲು ಬಳಸುವ 'ರೆಫ್' ಗುರುತು, ಜಾಲತಾಣದ ವಿಳಾಸ ಇವೆಲ್ಲ ಎಡದಿಂದ ಬಲಕ್ಕೆ ಹೋಗುವ ರೋಮನ್ ಅಕ್ಷರ. ಎರಡೂ ಒಂದೇ ಸಾಲಿನಲ್ಲಿ ಸೇರಿದಾಗ ಕರ್ಸರ್ ಎಲ್ಲೋ ಹಾರುತ್ತದೆ, ಆವರಣ ಚಿಹ್ನೆ ಮುಖ ತಿರುಗಿಸಿಕೊಳ್ಳುತ್ತದೆ. ಯೂನಿಕೋಡಿನಲ್ಲಿ ಒತ್ತಕ್ಷರ ಒಡೆದು ಒದ್ದಾಡಿದ ನಮಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು, ಯಾವ ಅರಬ್ಬಿ? ಮನೆಯಲ್ಲಿ ಆಡುವುದು ಕೈರೋದ ಅರಬ್ಬಿ, ದಮಾಸ್ಕಸ್ಸಿನ ಅರಬ್ಬಿ, ಮೊರಾಕ್ಕೋದ ಅರಬ್ಬಿ. ವಿಶ್ವಕೋಶದಲ್ಲಿ ಬರೆಯುವುದು ಶಾಲೆಯಲ್ಲಿ ಕಲಿತ ಗ್ರಾಂಥಿಕ ಅರಬ್ಬಿ. ಅದರಲ್ಲೂ ಒಮ್ಮತವಿಲ್ಲ. ಜನವರಿ ತಿಂಗಳು ಕೈರೋದವರಿಗೆ 'ಯನಾಯಿರ್', ದಮಾಸ್ಕಸ್ಸಿನವರಿಗೆ 'ಕಾನೂನ್ ಅಸ್ಸಾನಿ', ಅಲ್ಜೀರಿಯಾದವರಿಗೆ 'ಜಾನ್ಫಿ'. ಕಂಪ್ಯೂಟರಿಗೆ 'ಹಾಸೂಬ್' ಎನ್ನಬೇಕು ಎನ್ನುವವರು ಒಂದು ಕಡೆ, 'ಕಂಬ್ಯೂತರ್' ಸಾಕು ಎನ್ನುವವರು ಇನ್ನೊಂದು ಕಡೆ. (ಗಣಕಯಂತ್ರದ ಜಗಳ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದಿರಾ?) ಹೊಸಬರು ಬಂದ ಮೊದಲ ದಿನವೇ ಇನ್ನೊಂದು ದೇಶದವರ ಪದವನ್ನು 'ತಪ್ಪು' ಎಂದು ತಿದ್ದಲು ಹೋಗಿ ಜಗಳಕ್ಕೆ ಬೀಳುವುದು ಸುಲಭ. ಆದ್ದರಿಂದ ಮೊದಲು 'ಮಲ್‌ಅಬ್', ಅಂದರೆ ಆಟದ ಬಯಲು ಎಂಬ ಸ್ವಂತ ಪುಟದಲ್ಲಿ ಬರೆದು ಅಭ್ಯಾಸ, ಆಮೇಲೆ ಲೇಖನಕ್ಕೆ. ಅನುಮಾನ ಬಂದರೆ 'ಮೈದಾನ್' ಎಂಬ ಚರ್ಚಾಪುಟದಲ್ಲಿ ಕೇಳುವುದು. ನಮ್ಮ 'ಅರಳಿ ಕಟ್ಟೆ' ಇದ್ದ ಹಾಗೆ. ಮೈದಾನ್ ಎಂದರೆ ಅಲ್ಲಿ ಊರ ನಡುವಿನ ಚೌಕ. ಅಂದ ಹಾಗೆ, 2011ರಲ್ಲಿ ಜಗತ್ತೇ ನೋಡಿದ ಕೈರೋದ ತಹ್ರೀರ್ ಚೌಕವೂ 'ಮೈದಾನ್'. 'ತಹ್ರೀರ್' ಎಂದರೆ ಬಿಡುಗಡೆ. ಅದೇ ಪದಕ್ಕೆ ಸಂಪಾದನೆ ಎಂಬ ಅರ್ಥವೂ ಇದೆ!

ಮೂರನೆಯದು ಎಲ್ಲಕ್ಕಿಂತ ಕಷ್ಟದ ಪಾಠ. 2012ರ ಮಾರ್ಚ್ 15ರಂದು, ಕೈರೋದಲ್ಲಿ ತರಗತಿಗಳು ನಡೆಯುತ್ತಿದ್ದ ಅದೇ ವಸಂತದಲ್ಲಿ, ದಮಾಸ್ಕಸ್ಸಿನಲ್ಲಿ ಬಾಸಿಲ್ ಖರ್ತಬೀಲ್ ಎಂಬ ಮುಕ್ತ ತಂತ್ರಾಂಶ ತಜ್ಞನನ್ನು ಬಂಧಿಸಿದರು. ಸಿರಿಯಾದಲ್ಲಿ ಕ್ರಿಯೇಟಿವ್ ಕಾಮನ್ಸ್ ಕೆಲಸ ಮುನ್ನಡೆಸಿದವನು, ವಿಕಿಪೀಡಿಯಕ್ಕೂ ದುಡಿದವನು. 2015ರಲ್ಲಿ ಅವನಿಗೆ ಮರಣದಂಡನೆಯಾಯಿತು, ಆ ಸುದ್ದಿ ಖಚಿತವಾಗಿ ಹೊರಬಂದದ್ದು 2017ರ ಆಗಸ್ಟ್‌ನಲ್ಲಿ. ಸೌದಿಯಲ್ಲಿ ಅರಬ್ಬಿ ವಿಕಿಪೀಡಿಯದ ಹಳೆಯ ನಿರ್ವಾಹಕ, ವೃತ್ತಿಯಲ್ಲಿ ವೈದ್ಯ ಉಸಾಮಾ ಖಾಲಿದ್ 2020ರಲ್ಲಿ ಬಂಧಿತನಾದ. ಮೊದಲು 5 ವರ್ಷದ ಶಿಕ್ಷೆ, 2022ರಲ್ಲಿ ಅದು 32 ವರ್ಷಕ್ಕೆ ಏರಿತು ಎಂದು 2023ರ ಜನವರಿಯಲ್ಲಿ ಮಾನವ ಹಕ್ಕು ಸಂಘಟನೆಗಳು ಹೊರಗೆಡವಿದವು. ಇಂಥ ಕಡೆ ಹೊಸಬರಿಗೆ "ಖಾತೆ ತೆರೆಯಿರಿ" ಎಂದು ಹೇಳಿಕೊಡುವಾಗ "ನಿಜ ಹೆಸರು ಬೇಡ, ಗುಟ್ಟಿನ ಹೆಸರೂ ಸಾಲದೆ ಹೋಗಬಹುದು" ಎಂದೂ ಹೇಳಬೇಕಾಗುತ್ತದೆ. ಕಲಿಸುವವರ ಮೇಲೆ ಎಂಥ ಹೊಣೆ ನೋಡಿ. ಬರಹಕ್ಕೆ ಹೆಸರು ಬರಲಿ ಎಂದು ನಾವು ಬ್ಲಾಗಿನ ಮೂಲೆಯಲ್ಲಿ ಫೋಟೋ ಹಾಕಿಕೊಳ್ಳುತ್ತೇವೆ. ಅಲ್ಲಿ ಹೆಸರು ಕಾಣದಿದ್ದರೇ ಕ್ಷೇಮ.

ಇಷ್ಟಾಗಿಯೂ ಕೆಲಸ ನಿಲ್ಲಲಿಲ್ಲ. ಕೈರೋದ ಪ್ರಯೋಗ ಜೋರ್ಡಾನ್, ಅಲ್ಜೀರಿಯಾ, ಸೌದಿಗಳಿಗೂ ಹಬ್ಬಿತು. ಒಂದು ಸೆಮಿಸ್ಟರಿನಲ್ಲಿ ಕಲಿತವರು ಮುಂದಿನ ತಂಡಕ್ಕೆ ಕಲಿಸಿದರು. ಅಂಕ ಸಿಕ್ಕ ಮೇಲೆ ಬಹಳ ಮಂದಿ ಹೊರಟುಹೋದರು, ಅದು ಎಲ್ಲ ಕಡೆಯ ಕಥೆ. ಉಳಿದ ಕೆಲವರೇ ಮುಂದಿನ ತರಬೇತಿಗಳ ಬೆನ್ನೆಲುಬಾದರು. 2015ರಲ್ಲಿ ಟುನೀಶಿಯಾದ ಮುನಸ್ತೀರ್‌ನಲ್ಲಿ 'ವಿಕಿಅರೇಬಿಯಾ' ಎಂಬ ತಮ್ಮದೇ ಸಮ್ಮೇಳನ ಶುರು ಮಾಡಿಕೊಂಡರು. 2016ರಲ್ಲಿ ಅಮ್ಮಾನ್, 2017ರಲ್ಲಿ ಕೈರೋ. 2019ರ ನವೆಂಬರಿನಲ್ಲಿ ಅರಬ್ಬಿ ವಿಕಿಪೀಡಿಯ ಹತ್ತು ಲಕ್ಷ ಲೇಖನ ದಾಟಿತು.

ಹಾಗಂತ ಅಂಕಿಯನ್ನೇ ನಂಬಿ ಕೂರಬೇಡಿ. ಈಜಿಪ್ಟಿನ ಆಡುಮಾತಿನ ಅರಬ್ಬಿಗೆ 2008ರಿಂದ ಬೇರೆಯೇ ವಿಕಿಪೀಡಿಯ ಇದೆ. ಬಾಟ್‌ಗಳಿಂದ, ಅಂದರೆ ತಾನಾಗಿ ಪುಟ ಹುಟ್ಟಿಸುವ ಪ್ರೋಗ್ರಾಮುಗಳಿಂದ, 2020ರಲ್ಲಿ ಅಲ್ಲಿ ರಾಶಿ ರಾಶಿ ಪುಟಗಳಾಗಿ ಲೆಕ್ಕದಲ್ಲಿ ಅರಬ್ಬಿ ವಿಕಿಪೀಡಿಯವನ್ನೇ ಹಿಂದೆ ಹಾಕಿತು! ತೆರೆದು ನೋಡಿದರೆ ಎಷ್ಟೋ ಪುಟಗಳಲ್ಲಿ ಎರಡು ಮೂರು ಸಾಲು ಮಾತ್ರ. ಪುಟಗಳನ್ನು ಯಂತ್ರ ಹುಟ್ಟಿಸಬಹುದು. ಅವನ್ನು ಓದಿ, ಅನುಮಾನಪಟ್ಟು, ತಿದ್ದುವವರನ್ನು ಮನುಷ್ಯರೇ ತಯಾರು ಮಾಡಬೇಕು.

ನಮ್ಮ ಕಡೆಯೂ ಕೆಲಸ ನಡೆದಿದೆ. 2013ರ ಸುಮಾರಿಗೆ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಬರೆಯತೊಡಗಿದರು. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿತು. ಬುಸ್ತಾನಿಗೆ ಸಿಗದ ಭಾಗ್ಯ ನಮಗೆ ಸಿಕ್ಕಿದೆ: ಮುಗಿದ ವಿಶ್ವಕೋಶ ಕೈಯಲ್ಲಿದೆ. ಅದನ್ನು ಇವತ್ತಿಗೆ ತಕ್ಕಂತೆ ಪರಿಷ್ಕರಿಸುವ, ಹೊಸ ಲೇಖನ ಸೇರಿಸುವ ಜನ ಮಾತ್ರ ಬೆರಳೆಣಿಕೆ.

ಬ್ಲಾಗ್ ಬರೆಯುವ ನಮಗೆ ಕನ್ನಡದಲ್ಲಿ ಟೈಪಿಸಲು ಬರುತ್ತದೆ, ಆಧಾರ ಹುಡುಕಲು ಬರುತ್ತದೆ, ನಾಲ್ಕು ಪ್ಯಾರಾ ನೆಟ್ಟಗೆ ಬರೆಯಲೂ ಬರುತ್ತದೆ. ಪುಣೆಯ ಹಾಗೆ ಸಾವಿರ ಜನರನ್ನು ಒಂದೇ ಸಲ ಸೇರಿಸುವುದು ಬೇಡ. ವರ್ಷಕ್ಕೆ ಒಬ್ಬರನ್ನು, ಅಕ್ಕನ ಮಗಳನ್ನೋ ನಿವೃತ್ತರಾದ ಮೇಷ್ಟ್ರನ್ನೋ, ಪಕ್ಕದಲ್ಲಿ ಕೂರಿಸಿಕೊಂಡು 'ಸಂಪಾದಿಸಿ' ಒತ್ತುವುದನ್ನು ಕಲಿಸಿದರೆ? ಅವರು ನಿಮ್ಮ ಊರಿನ ಕೆರೆಯ ಬಗ್ಗೆಯೋ, ದೇವಸ್ಥಾನದ ಶಾಸನದ ಬಗ್ಗೆಯೋ ಆಧಾರ ಸಮೇತ ಒಂದು ಪುಟ ಬರೆಯಲಿ. ಆಮೇಲೆ ಅವರಿಂದ ಇನ್ನೊಬ್ಬರಿಗೆ ಕಲಿಸಿ. ಯಾರನ್ನು ಕೂರಿಸಿಕೊಂಡಿರಿ, ಯಾವ ಪುಟ ಬರೆಸಿದಿರಿ ಎಂದು ನಿಮ್ಮ ಬ್ಲಾಗಿನಲ್ಲೂ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.