ಯಶವಂತಪುರದ ಯಾರ್ಡು, ಯಲಹಂಕದ ತರಗತಿ: ವ್ಯವಹಾರ ಪ್ರಕ್ರಿಯೆಯ ಅಧ್ಯಯನ ನಡೆದುಬಂದ ಬಗೆ

ಯಲಹಂಕದ ಆಸುಪಾಸಿನಲ್ಲಿ ಎಂಬಿಎ ಓದುವ ವಿದ್ಯಾರ್ಥಿಗೆ ಬಿಸಿನೆಸ್ ಅನಾಲಿಸಿಸ್, ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟ್ ಎಂಬ ವಿಷಯಗಳು ಸಾಫ್ಟ್‌ವೇರ್ ಕಂಪನಿಗಳ ಬೆನ್ನು ಹಿಡಿದು ಬಂದ ಹೊಸ ವಿದ್ಯೆಯಂತೆ ಕಂಡರೆ ಆಶ್ಚರ್ಯವಿಲ್ಲ. ಬಿಸಿನೆಸ್ ಅನಾಲಿಸ್ಟರ ಅಂತರರಾಷ್ಟ್ರೀಯ ಸಂಸ್ಥೆ ಐಐಬಿಎ ಟೊರಾಂಟೊದಲ್ಲಿ ಹುಟ್ಟಿದ್ದು 2003ರಲ್ಲಿ. ಪ್ರಕ್ರಿಯೆಯ ನಕ್ಷೆ ಬರೆಯಲು ಬಳಸುವ ಬಿಪಿಎಂಎನ್ ಸಂಕೇತಗಳ ಮೊದಲ ಆವೃತ್ತಿ ಹೊರಬಂದದ್ದು 2004ರಲ್ಲಿ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾಯಿತು. 2012-13ರ ಹೊತ್ತಿಗೆ ರೇವಾ, ಪ್ರೆಸಿಡೆನ್ಸಿಯಂಥ ಖಾಸಗಿ ವಿಶ್ವವಿದ್ಯಾಲಯಗಳು ಬಂದವು. ಈ ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಈ ಶತಮಾನದ ಕತೆ. ಆದರೆ ಒಂದು ಕೆಲಸ ಎಲ್ಲಿ ಶುರುವಾಗಿ, ಯಾರ ಕೈಯಿಂದ ಯಾರ ಕೈಗೆ ದಾಟಿ, ಎಲ್ಲಿ ಸಿಕ್ಕಿಕೊಂಡು, ಎಲ್ಲಿ ಮುಗಿಯುತ್ತದೆ ಎಂದು ಕ್ರಮವಾಗಿ ಗಮನಿಸುವ ವಿದ್ಯೆ ಉತ್ತರ ಬೆಂಗಳೂರಿಗೆ ಅದಕ್ಕೂ ಅರ್ಧ ಶತಮಾನ ಮೊದಲೇ ಕಾಲಿಟ್ಟಿತ್ತು. ಅದು ಬಂದದ್ದು ಯಂತ್ರಶಾಲೆಯಿಂದ, ಕೃಷಿ ಮಾರುಕಟ್ಟೆಯಿಂದ, ಕೊನೆಗೆ ಕಂಪ್ಯೂಟರಿನಿಂದ. ಈ ಮೂರೂ ಹತ್ತಿಪ್ಪತ್ತು ಕಿಲೋಮೀಟರಿನೊಳಗೇ ಬೆಳೆದರೂ ಒಂದರ ಮಾತನ್ನು ಇನ್ನೊಂದು ಹೆಚ್ಚು ಕೇಳಿಸಿಕೊಳ್ಳಲಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ಯಂತ್ರಶಾಲೆಯ ದಾರಿ. ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಪ್ರೋಸೆಸ್ ಚಾರ್ಟ್ ಎಂಬ ಹೊಸ ಸಾಧನವನ್ನು ಮಂಡಿಸಿದರು. 1947ರಲ್ಲಿ ಅದೇ ಸಂಘ ಅದರ ಚಿಹ್ನೆಗಳನ್ನು ಐದಕ್ಕೆ ಗೊತ್ತುಪಡಿಸಿತು: ಕೆಲಸಕ್ಕೆ ವೃತ್ತ, ಸಾಗಾಟಕ್ಕೆ ಬಾಣ, ತಪಾಸಣೆಗೆ ಚೌಕ, ದಾಸ್ತಾನಿಗೆ ತಲೆಕೆಳಗಾದ ತ್ರಿಕೋನ, ವಿಳಂಬಕ್ಕೆ ಇಂಗ್ಲಿಷಿನ ಡಿ ಅಕ್ಷರ. ಐದರಲ್ಲಿ ಎರಡು, ಏನೂ ನಡೆಯದೆ ಮಾಲು ಸುಮ್ಮನೆ ಬಿದ್ದಿರುವ ಹೊತ್ತಿನ ಗುರುತುಗಳು. ಮುಂದಿನ ಮಾತಿಗೆ ಇದು ಮುಖ್ಯ.

ಯಶವಂತಪುರಕ್ಕೆ ಅಂಟಿಕೊಂಡೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳಬರ ಬಾಯಲ್ಲಿ ಈಗಲೂ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, 1940ರ ದಶಕದ ಕೊನೆಗೇ ಕೈಗಾರಿಕಾ ಆಡಳಿತದ ಪಾಠ ಶುರುವಾಗಿತ್ತು. ಅಲ್ಲಿನ ಇಂದಿನ ನಿರ್ವಹಣಾ ಅಧ್ಯಯನ ವಿಭಾಗದ ಬೇರು ಅದೇ. ದೇಶದಲ್ಲೇ ಹಳೆಯ ಮ್ಯಾನೇಜ್‌ಮೆಂಟ್ ವಿಭಾಗಗಳಲ್ಲಿ ಅದೂ ಒಂದು. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಬಂದವು. 1962ರಲ್ಲಿ ಶುರುವಾದ ಎಂ.ಎಸ್. ರಾಮಯ್ಯ ತಾಂತ್ರಿಕ ಕಾಲೇಜು ಮುಂದೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟನ್ನು ಪ್ರತ್ಯೇಕ ಶಾಖೆಯಾಗಿಯೇ ಕಲಿಸತೊಡಗಿತು. ಹೀಗೆ ಪಾಠ ಹೇಳುವ ಜಾಗವೂ ಅದನ್ನು ಒರೆಗೆ ಹಚ್ಚಬಹುದಾದ ಕಾರ್ಖಾನೆಗಳೂ ಸಿಟಿ ಬಸ್ಸಿನ ದೂರದಲ್ಲಿದ್ದವು. ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಲ್ಲಿ ಸೇರಿಕೊಂಡಿತು. ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗಾಳಿಯ ಒತ್ತಡದಿಂದ ಗ್ರಾಫೈಟ್ ಅಚ್ಚಿಗೆ ಕೆಳಗಿನಿಂದ ಮೇಲಕ್ಕೆ ಏರಿಸಿ ಅಲ್ಲಿ ಗಾಲಿ ಎರಕ ಹೊಯ್ಯುತ್ತಾರೆ. ಕರಗಿದ ಉಕ್ಕು ಯಾರಿಗೂ ಕಾಯುವುದಿಲ್ಲ. ಒಂದು ಹಂತ ತಡವಾದರೆ ಹಿಂದಿನ ಹಂತಗಳೆಲ್ಲ ಕೆಟ್ಟವೆಂದೇ ಲೆಕ್ಕ. ಇಂಥ ಕಡೆ ವಿಳಂಬದ ಪಾಠಕ್ಕೆ ಪುಸ್ತಕ ಬೇಕಾಗುವುದಿಲ್ಲ.

ಹೆಬ್ಬಾಳದ ಕತೆ ಬೇರೆ. ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಸ್ಥಾಪನೆಯಾಯಿತು, ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ 1966ರಲ್ಲಿ ಬಂತು. ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮಾರುಕಟ್ಟೆ, ಸಹಕಾರ ಮತ್ತು ವ್ಯವಹಾರ ನಿರ್ವಹಣೆ ಎಂಬ ವಿಭಾಗವೇ ಇದೆ. ಅಲ್ಲಿನವರು ತಾವು ಮಾಡುವುದು ಪ್ರಕ್ರಿಯೆಯ ವಿಶ್ಲೇಷಣೆ ಎಂದು ಕರೆದುಕೊಂಡವರಲ್ಲ. ಆದರೆ ಬೆಳೆ ಹೊಲದಿಂದ ಗಿರಾಕಿಗೆ ತಲುಪುವವರೆಗೆ ಯಾವ ಕೈಗಳಲ್ಲಿ ಹಾದು ಬರುತ್ತದೆ, ಪ್ರತಿ ಕೈ ಎಷ್ಟು ಇಟ್ಟುಕೊಳ್ಳುತ್ತದೆ ಎಂಬುದು ಕೃಷಿ ಮಾರುಕಟ್ಟೆ ಶಾಸ್ತ್ರದ ಮೂಲ ಪ್ರಶ್ನೆ. ಪ್ರಕ್ರಿಯೆಯ ವಿಶ್ಲೇಷಣೆಯೆಂದರೂ ಅದೇ.

ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಅರ್ಧ ದಿನ ನಿಂತರೆ ಇದು ಅರ್ಥವಾಗುತ್ತದೆ. ಲಾರಿ ಗೇಟಿನಲ್ಲಿ ಮಾಲಿನ ಹೆಸರು, ಚೀಲದ ಲೆಕ್ಕ ಬರೆಸಿ ಮಂಡಿಯ ಮುಂದೆ ಬಂದು ನಿಲ್ಲುತ್ತದೆ. ಹಮಾಲರು ಚೀಲ ಇಳಿಸಿ ಸಾಲಾಗಿ ಜೋಡಿಸುತ್ತಾರೆ. ಈರುಳ್ಳಿಯಾದರೆ ಒಂದೆರಡು ಚೀಲ ಬಿಚ್ಚಿ ಸುರಿದು ಗಾತ್ರ, ಬಣ್ಣ, ಒಣಗಿದ ಪರಿ ತೋರಿಸುತ್ತಾರೆ. ಹರಾಜು ಕೂಗಿದ ಮೇಲೆ ತೂಕ, ತೂಕದ ಮೇಲೆ ಪಟ್ಟಿ. ಪಟ್ಟಿಯಲ್ಲಿ ಲಾರಿ ಬಾಡಿಗೆ, ಹಮಾಲಿ, ಮಂಡಿಯವರ ಹತ್ತಿರ ಮೊದಲೇ ತಂದಿದ್ದ ಮುಂಗಡದ ಬಾಕಿ ಕಳೆದು ಉಳಿದದ್ದು ರೈತನಿಗೆ. ಕೈ ಆಡುವ ಕೆಲಸಕ್ಕಿಂತ ಕಾಯುವ ಹೊತ್ತೇ ಇಲ್ಲಿ ಹೆಚ್ಚು: ಗೇಟಿಗೆ, ಹಮಾಲರಿಗೆ, ಹರಾಜಿಗೆ, ದುಡ್ಡಿಗೆ. ಮಳೆ ಹಿಡಿದ ದಿನ ಈ ಕಾಯುವಿಕೆಯಲ್ಲಿ ಈರುಳ್ಳಿಯ ದರವೂ ಇಳಿಯುತ್ತದೆ. ಗಿಲ್‌ಬ್ರೆತ್ ಪರಂಪರೆಯ ಚಾರ್ಟಿನಲ್ಲಿ ಈ ಯಾರ್ಡನ್ನು ಬರೆದರೆ ಹಾಳೆಯ ತುಂಬ ಡಿ ಅಕ್ಷರಗಳು, ತ್ರಿಕೋನಗಳು. ಬಿಪಿಎಂಎನ್‌ನಲ್ಲಿ ಬರೆದರೆ? ಅದರಲ್ಲಿ ಕೆಲಸಕ್ಕೆ ಮೂಲೆ ದುಂಡಗಿನ ಆಯತವಿದೆ, ಕವಲಿಗೆ ವಜ್ರಾಕೃತಿ ಇದೆ, ನಿಗದಿತ ಸಮಯಕ್ಕೆ ಗಡಿಯಾರದ ಗುರುತಿದೆ. ಸುಮ್ಮನೆ ಬಿದ್ದಿರುವ ಮಾಲಿಗೆಂದೇ ಮೀಸಲಾದ ಚಿಹ್ನೆ ಇಲ್ಲ. ಎರಡು ಆಯತಗಳ ನಡುವಿನ ಗೆರೆಯಲ್ಲೇ ಅದು ಅಡಗಿಹೋಗುತ್ತದೆ. ಮಾಹಿತಿ ಕ್ಷಣಾರ್ಧದಲ್ಲಿ ದಾಟುವ ಲೋಕದಲ್ಲಿ ಹುಟ್ಟಿದ ಸಂಕೇತಗಳಿಗೆ ಇದು ಕೊರತೆಯೆಂದು ಅನ್ನಿಸದೆ ಇದ್ದೀತು; ಚೀಲ ಹೊರುವ ಲೋಕಕ್ಕೆ ಅದು ದೊಡ್ಡ ಕೊರತೆ.

ಕಂಪ್ಯೂಟರಿನ ದಾರಿ ಎಲ್ಲರಿಗೂ ಗೊತ್ತಿರುವುದು, ಚಿಕ್ಕದಾಗಿ ಹೇಳಿದರೆ ಸಾಕು. 1990ರಲ್ಲಿ ಮೈಕೇಲ್ ಹ್ಯಾಮರ್ ಬರೆದ ಲೇಖನ, 1993ರಲ್ಲಿ ಜೇಮ್ಸ್ ಚಾಂಪಿ ಜೊತೆಗೂಡಿ ತಂದ ಪುಸ್ತಕ ರೀಎಂಜಿನಿಯರಿಂಗ್ ಎಂಬ ಮಾತನ್ನು ಜಗತ್ತಿನಾದ್ಯಂತ ಹರಡಿದವು. ಅದೇ ದಶಕದಲ್ಲಿ ಬೆಂಗಳೂರಿನ ಮೊಟೊರೊಲಾ ಘಟಕ ಸಾಫ್ಟ್‌ವೇರ್ ಗುಣಮಟ್ಟದ ಸಿಎಂಎಂ ಮಾನದಂಡದಲ್ಲಿ ಐದನೆಯ ಹಂತ ಮುಟ್ಟಿ ಹೆಸರು ಮಾಡಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂತು, ಆಮೇಲೆ ನಾಗವಾರದ ಮಾನ್ಯತಾ ಟೆಕ್ ಪಾರ್ಕ್. ಗ್ರಾಹಕನ ಅಗತ್ಯವನ್ನು ಕೇಳಿ ಪ್ರೋಗ್ರಾಮರಿಗೆ ತಿಳಿಯುವಂತೆ ಬರೆದುಕೊಡುವವರ ಕೆಲಸಕ್ಕೆ ಇಲ್ಲಿ ಬೇಡಿಕೆ ಹುಟ್ಟಿತು. ಆದರೆ ವಿಶ್ವವಿದ್ಯಾಲಯಗಳು ಹೆಚ್ಚು ಒಲಿದದ್ದು ಅಂಕಿಅಂಶದ ಬಿಸಿನೆಸ್ ಅನಾಲಿಟಿಕ್ಸ್ ಕಡೆಗೆ. ಅದಕ್ಕೆ ಪ್ರಯೋಗಶಾಲೆ ಸಾಕು, ಪರೀಕ್ಷೆ ಸುಲಭ. ಜನರ ಮುಂದೆ ಕೂತು ಕೇಳಿ ತಿಳಿಯುವ ವಿದ್ಯೆಗೆ ಪ್ರಶ್ನೆಪತ್ರಿಕೆ ತೆಗೆಯುವುದು ಕಷ್ಟ. ನನಗೆ ತೋಚುವ ಕಾರಣ ಇದು, ಸ್ವಲ್ಪ ಒರಟು ಎನಿಸಿದರೂ.

ಮೂರೂ ದಾರಿ ಸೇರಬಹುದಾದ ಒಂದು ಜಾಗ 2014ರಲ್ಲಿ ಸಿದ್ಧವಾಯಿತು. ರಾಜ್ಯ ಸರ್ಕಾರವೂ ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್ ಬಳಗದ ಕಂಪನಿಯೂ ಸೇರಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್, ರಾಜ್ಯದ ಮಾರುಕಟ್ಟೆಗಳನ್ನು ಏಕೀಕೃತ ವೇದಿಕೆಗೆ ತರಲು ಹೊರಟಿತು. ಕೇಂದ್ರದ ಇ-ನ್ಯಾಮ್ ಬಂದದ್ದು ಎರಡು ವರ್ಷದ ನಂತರ, 2016ರ ಏಪ್ರಿಲ್‌ನಲ್ಲಿ. ಗೇಟ್ ಎಂಟ್ರಿ, ಲಾಟ್ ನಂಬರ್, ಇ-ಟೆಂಡರ್, ದರ ಘೋಷಣೆ, ತೂಕ, ಪಾವತಿ: ಈ ವ್ಯವಸ್ಥೆಯಲ್ಲಿ ಒಂದೊಂದು ಹಂತವೂ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಡಚ್ ವಿದ್ವಾಂಸ ವಿಲ್ ವಾನ್ ಡರ್ ಆಲ್ಸ್ಟ್ ಬೆಳೆಸಿದ, 2011ರಲ್ಲಿ ಪುಸ್ತಕವಾಗಿ ಬಂದ ಪ್ರೋಸೆಸ್ ಮೈನಿಂಗ್ ವಿಧಾನಕ್ಕೆ ಬೇಕಾದದ್ದು ಇಂಥ ಸಮಯ ನಮೂದಾದ ದಾಖಲೆಯೇ. ನಕ್ಷೆಯಲ್ಲಿ ಕಾಣದ ಕಾಯುವಿಕೆ ಅದರಲ್ಲಿ ನಿಮಿಷಗಳ ಲೆಕ್ಕದಲ್ಲಿ ಹೊರಬೀಳುತ್ತದೆ. ತರಗತಿಗೆ ಪಿಜ್ಜಾ ಆರ್ಡರು, ವಿಮೆಯ ಕ್ಲೇಮು ಬಿಟ್ಟು ಬೇರೆ ಉದಾಹರಣೆ ಬೇಕೆನ್ನುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಸರಕು ಸಿಗಲಾರದು.

ಆದರೂ ಜಿಕೆವಿಕೆಯವರನ್ನು ಕೇಳದೆ ಆ ದಾಖಲೆಯನ್ನು ಓದಲು ಕೂತರೆ ಎಡವುವುದು ಖಂಡಿತ. ಘೋಷಣೆಯಾದ ದರ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ನಕ್ಷೆಯಲ್ಲಿ ಅದಕ್ಕೊಂದು ವಜ್ರಾಕೃತಿ, ಎರಡು ಕವಲು. ಬಿತ್ತನೆಯ ಹೊತ್ತಿಗೆ ಮಂಡಿಯವರಿಂದ ಮುಂಗಡ ತಂದ ರೈತ ಬೇಡ ಎನ್ನುವ ಕವಲಿಗೆ ಹೋಗುವುದು ಅಪರೂಪ. ಸಾಲವೂ ಮಾರಾಟವೂ ಹೀಗೆ ಹೆಣೆದುಕೊಂಡಿರುವುದು ಕೃಷಿ ಅರ್ಥಶಾಸ್ತ್ರದವರಿಗೆ ಹಳೆಯ ವಿಷಯ. ಕಂಪ್ಯೂಟರಿನ ದಾಖಲೆಯಲ್ಲಿ ಮಾತ್ರ ಆ ರೈತ ದರ ಒಪ್ಪಿಕೊಂಡವರ ಪಟ್ಟಿಯಲ್ಲಿ, ಮನಸಾರೆ ಒಪ್ಪಿದವರ ಜೊತೆಗೇ ಸೇರಿಹೋಗಿರುತ್ತಾನೆ.